ಗಿರಣಿ ದೊಡ್ಡಮ್ಮ ಬಾಯಿ ತೆರೆದದ್ದು

ನಮ್ಮ ಗಿರಣಿ ದೊಡ್ಡಮ್ಮನ ಹುಬ್ಬು ಬೆಳಿಗ್ಗೆ ಕಪ್ಪಗಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಬೆಳ್ಳಗಾಗುತ್ತಿತ್ತು, ಸಂಜೆ ಬಚ್ಚಲಿಂದ ಈಚೆ ಬಂದಾಗ ಮತ್ತೆ ಕಪ್ಪು. ರೆಪ್ಪೆಗೂದಲ ಮೇಲೆ, ಓಲೆಯ ಸಂದಿಯಲ್ಲಿ, ಹಣೆಯ ವಿಭೂತಿಯ ಮೇಲೆ ಒಂದು ಪದರ ರಾಗಿ ಹಿಟ್ಟು. ಮೂಗು ಬಾಯಿ ಮಾತ್ರ ಕಾಣುತ್ತಿರಲಿಲ್ಲ. ದೂಳು ಒಳಗೆ ಹೋಗದಿರಲಿ ಅಂತ ಸೆರಗನ್ನು ಮೂಗಿನ ಮೇಲಿಂದ ಎಳೆದು ಕಿವಿಯ ಹಿಂದೆ ಸಿಕ್ಕಿಸಿಕೊಂಡರೆ, ಕರೆಂಟು ಹೋಗುವ ತನಕ ತೆಗೆಯುತ್ತಿರಲಿಲ್ಲ. ಮಾತು, ಬೈಗುಳ, ನಗು ಎಲ್ಲ ಆ ಸೆರಗಿನ ಹಿಂದಿನಿಂದಲೇ.

ಅಜ್ಜಂಪುರದಲ್ಲಿ ನಮ್ಮ ಮನೆಗೂ ಅವಳ ಹಿಟ್ಟಿನ ಗಿರಣಿಗೂ ಒಂದೇ ಗೋಡೆ. ರಕ್ತಸಂಬಂಧ ಏನೂ ಇಲ್ಲ, ಆದರೂ ಬೀದಿಗೆಲ್ಲ ಅವಳು ದೊಡ್ಡಮ್ಮ. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ತಾನೇ ಹಿಡಿದಳು. ಮಗ ದೊಡ್ಡವನಾಗಿ ಮೋಟಾರು, ಬೆಲ್ಟು ನೋಡಿಕೊಳ್ಳುವಂತಾದರೂ ಕಾಳು ಸುರಿಯುವ ಜಾಗ ಬಿಟ್ಟುಕೊಡಲಿಲ್ಲ. "ಮೋಟಾರು ನಿಂದು, ಕಲ್ಲು ನಂದು. ಈ ಕಡೆ ಬಂದ್ರೆ ನೋಡು" ಅಂತ ಅವನಿಗೆ ಹೇಳಿಬಿಟ್ಟಿದ್ದಳು. ಅವನನ್ನು ನಾನು ಅಣ್ಣ ಅನ್ನುತ್ತೇನೆ. ಪಾಪ, ಐವತ್ತು ದಾಟಿದ ಮೇಲೂ ಆ ಗೆರೆ ದಾಟಲಿಲ್ಲ.

ಅವಳ ಜ್ಞಾಪಕಶಕ್ತಿ ಅಂದರೆ ನಮ್ಮ ಕಡೆ ಒಂದು ಗಾದೆಮಾತೇ. ಸಂತೆಯ ದಿನ ಮೂವತ್ತು ನಲವತ್ತು ಡಬ್ಬ, ಚೀಲ, ಕುಕ್ಕೆ ಸಾಲಾಗಿ ಕೂತಿರುತ್ತಿದ್ದವು. ಒಂದಕ್ಕೂ ಚೀಟಿ ಇಲ್ಲ. ಬುಕ್ಕಾಂಬುಧಿಯಿಂದ ಬಸ್ಸಿಳಿದವರು ಚೀಲ ಇಟ್ಟು ಸಂತೆಗೆ ಹೋಗಿ ಬರುತ್ತಿದ್ದರು, ಅಷ್ಟೇ. ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ಯಾರ ಡಬ್ಬಕ್ಕೆ ಯಾವ ಕಡೆ ತಗ್ಗು ಬಿದ್ದಿದೆ, ಯಾರ ಮನೆಯ ಗಂಟು ಯಾವ ಬಗೆಯದು, ಯಾರಿಗೆ ನುಣ್ಣಗೆ, ಯಾರಿಗೆ ತರಿತರಿ, ಎಲ್ಲ ಅವಳ ತಲೆಯಲ್ಲಿ. ಹಿಟ್ಟು ಇಳಿಯುವಾಗ ಒಂದು ಚಿಟಿಕೆ ತೆಗೆದು, ಸೆರಗನ್ನು ಒಂದಿಷ್ಟೇ ಸರಿಸಿ ನಾಲಿಗೆಗೆ ಹಾಕಿಕೊಳ್ಳುವಳು. "ಲೇ, ಕಲ್ಲು ಕಾದೈತೆ, ಹಿಟ್ಟು ಸೀದ ವಾಸ್ನೆ ಬತ್ತಾ ಐತೆ, ನಿಲ್ಸೋ" ಎಂದು ಮಗನಿಗೆ ಕೂಗುವಳು. ಇಲ್ಲವೇ ರಾಗಿ ತಂದವಳಿಗೆ, "ಹೊಸಾ ರಾಗಿ ಅಂತ ಯಾರೇ ಕೊಟ್ಟಿದ್ದು ನಿಂಗೆ? ಹೋದ್ ವರ್ಷದ್ದು ಕಣೇ ಇದು, ಟೋಪಿ ಹಾಕವ್ರೆ" ಅನ್ನುವಳು.

ನಾನು ಈ ಹೊತ್ತು ನನ್ನ ಕಾಲ ಮೇಲೆ ನಿಂತಿದ್ದೇನೆ ಅಂದರೆ ಅದು ಅವಳ ಬಾಯಿ ಜೋರಿನಿಂದ. ಪಿಯುಸಿಯಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದಾಗ ತರೀಕೆರೆಯ ಒಂದು ಹಲ್ಲಿನ ಕ್ಲಿನಿಕ್ಕಿಗೆ ಸಹಾಯಕಿ ಬೇಕು ಅಂತ ಸುದ್ದಿ ಬಂತು. ಅಪ್ಪ ಕುಣಿದಾಡಿಬಿಟ್ಟರು. "ಕಂಡೋರ ಎಂಜಲು ಬಾಯಿಗೆ ಕೈ ಹಾಕೋ ಕೆಲ್ಸ ನಮ್ಮನೆ ಹೆಣ್ಮಗಳಿಗೆ ಬ್ಯಾಡ. ನಾಳೆ ಮಠದಲ್ಲಿ ನಾಲ್ಕು ಜನದ ಮುಂದೆ ಹೆಂಗೆ ಕೂತ್ಕಳ್ಳಿ?" ದೊಡ್ಡಮ್ಮ ಗಿರಣಿ ಬಿಟ್ಟು ಹಿಟ್ಟಿನ ಕೈಯಲ್ಲೇ ನಮ್ಮ ನಡುಮನೆಗೆ ನುಗ್ಗಿದಳು. "ಏನಯ್ಯಾ, ಬಾಯಿ ಅಂದ್ರೆ ಹೊಲಸಾ? ದಿನಾ ಬೆಳಗಾದ್ರೆ ಶಿವ ಶಿವ ಅಂತೀಯಲ್ಲ, ಅದೇನು ಕಿವಿಯಲ್ಲಿ ಅಂತೀಯಾ? ಊರೋರ ಬಾಯಿ ಚೊಕ್ಕಟ ಮಾಡಿ ಕಳ್ಸೋಳು ನಿನ್ ಮಗಳು. ಮಠದಲ್ಲಿ ಮುಂದೆ ಹೋಗಿ ಕೂತ್ಕೋ, ಯಾರು ಏನಂತಾರೋ ನಾನು ನೋಡ್ತೀನಿ." ಮಾರನೇ ದಿನ ಬಸ್‌ಸ್ಟ್ಯಾಂಡಿನವರೆಗೂ ಅವಳೇ ಬಂದು ಹತ್ತಿಸಿದಳು. ಅಂದಿನಿಂದ ಹದಿನೈದು ವರ್ಷ, ಅದೇ ಬಸ್ಸು, ಅದೇ ಕ್ಲಿನಿಕ್ಕು.

ಇಷ್ಟೆಲ್ಲ ಮಾಡಿದವಳಿಗೆ ನಾನು ಮಾಡಿದ್ದೇನು ಅಂತ ಈಗ ಹೇಳಬೇಕು.

ನಾಲ್ಕು ವರ್ಷಗಳ ಹಿಂದಿನ ಮಾತು. ದೊಡ್ಡಮ್ಮನ ಬೈಗುಳ ಕಮ್ಮಿಯಾಯಿತು. ಮೊದಲು ನಿಂತದ್ದು ಅದೇ. ಆಮೇಲೆ ಅವರ ಡಬ್ಬ ಇವರಿಗೆ, ಇವರ ಚೀಲ ಅವರಿಗೆ ಹೋಗತೊಡಗಿತು. ಜನ ನಕ್ಕು ಬದಲಾಯಿಸಿಕೊಂಡರು. ಕರೆದರೆ ತಡವಾಗಿ ತಿರುಗುತ್ತಿದ್ದಳು. ಕೂತಲ್ಲೇ ತೂಕಡಿಸುತ್ತಿದ್ದಳು. ಅಣ್ಣ ಪ್ರತಿ ಡಬ್ಬಕ್ಕೂ ಚೀಟಿ ಅಂಟಿಸಿದ. ಅವಳು ಆ ಚೀಟಿಗಳನ್ನು ನೋಡಿದಳು, ಏನೂ ಅನ್ನಲಿಲ್ಲ. ನಾನು ಬೆಳಿಗ್ಗೆ ಏಳಕ್ಕೆ ಹೋಗಿ ಸಂಜೆ ಏಳಕ್ಕೆ ಬರುವವಳು. "ವಯಸ್ಸಾಯ್ತಲ್ಲ, ಅರಳುಮರಳು" ಅಂತ ನಮ್ಮಮ್ಮ ಅಂದಾಗ "ಹೂಂ ಕಣಮ್ಮ" ಅಂದೆ. ನಾನೋ, ಮಹಾ ಜಾಣೆ!

ಅವಳದು ಒಂದೇ ಕಲ್ಲಿನ ಗಿರಣಿ. ಮಂಗಳವಾರ ಸಂಜೆ ಮಾತ್ರ ಮೆಣಸಿನಕಾಯಿ ಬೀಸುವುದು. ಅದು ಮುಗಿದ ಮೇಲೆ ಎರಡು ಸೇರು ನುಚ್ಚು ಹಾಕಿ ಕಲ್ಲು ಚೊಕ್ಕ ಮಾಡಬೇಕು. ಆ ಹಿಟ್ಟನ್ನು ಯಾರಿಗೂ ಕೊಡುವಂತಿಲ್ಲ, ಅವಳೇ ನಾಲಿಗೆಗೆ ಹಾಕಿ ನೋಡಿ, ಖಾರ ಇನ್ನೂ ಇದ್ದರೆ ಮತ್ತೆ ಒಂದು ಸೇರು. ಅವಳು "ಆಯ್ತು" ಅಂದ ಮೇಲೇ ಬುಧವಾರದ ರಾಗಿ. ನಲವತ್ತು ವರ್ಷದಲ್ಲಿ ಈ ನೇಮ ತಪ್ಪಿರಲಿಲ್ಲ. ಅದೊಂದು ಬುಧವಾರ ತಪ್ಪಿತು. ಹಿಂದಿನ ಬೀದಿಯ ಹುಡುಗಿಯೊಬ್ಬಳು ಚೌಳಹಿರಿಯೂರಿನ ಗಂಡನ ಮನೆಯಿಂದ ತವರಿಗೆ ಬಂದಿದ್ದಳು. ಎಂಟು ತಿಂಗಳ ಕೂಸಿಗೆ ರಾಗಿ ಸರಿ ಕಾಯಿಸೋಕೆ ಮೊಳಕೆ ಕಟ್ಟಿ ಒಣಗಿಸಿದ ರಾಗಿ ತಂದುಕೊಟ್ಟಳು. ಮೊದಲನೇ ತುತ್ತಿಗೇ ಮಗು ಕಿಟಾರನೆ ಕಿರುಚಿಕೊಂಡಿತು. ತುಟಿಯೆಲ್ಲ ಕೆಂಪಾಯಿತು. ದೇವರ ದಯ, ಹಾಲು ಕುಡಿಸಿ ಕುಡಿಸಿ ಸಮಾಧಾನ ಮಾಡಿದರು, ಅಷ್ಟಕ್ಕೇ ನಿಂತಿತು.

ಮಗುವಿಗೆ ಸರಿ ತಿನ್ನಿಸಿದ ದಿನ ಭಾನುವಾರ, ನಾನು ಮನೆಯಲ್ಲಿದ್ದೆ. ಆ ಹುಡುಗಿ ಡಬ್ಬ ಹಿಡಿದು ಗಿರಣಿಗೆ ಬಂದಳು, ಜೊತೆಗೆ ಬೀದಿಯ ಹತ್ತು ಜನ. ಜಗಳ ಏನೂ ಆಡಲಿಲ್ಲ. "ದೊಡ್ಡಮ್ಮ, ನೀವೇ ಬಾಯಿಗೆ ಹಾಕ್ಕೊಂಡು ನೋಡಿ" ಅಂತ ಡಬ್ಬ ಮುಂದೆ ಹಿಡಿದಳು. ಅಣ್ಣ ಒಂದು ಚಿಟಿಕೆ ಹಾಕಿಕೊಂಡು ಕೆಮ್ಮಿದ. ನಾನು ಹಾಕಿಕೊಂಡೆ, ನಾಲಿಗೆ ಚುರ್ ಅಂತು. ದೊಡ್ಡಮ್ಮ ಮೂರು ಬೆರಳಲ್ಲಿ ತುಂಬ ತೆಗೆದು ಬಾಯಿಗೆ ಹಾಕಿಕೊಂಡಳು. ಎಲ್ಲರ ಮುಖ ನೋಡಿದಳು. "ಏನಿಲ್ವಲ್ಲವ್ವ, ಸಪ್ಪಗೈತೆ" ಅಂದಳು.

ಆ ಹುಡುಗಿ ಅಳುತ್ತಾ ಹೊರಟುಹೋದಳು. ಅಣ್ಣ ತಲೆ ತಗ್ಗಿಸಿಕೊಂಡು, "ನಾಳೆಯಿಂದ ಅಮ್ಮ ಗಿರಣಿಗೆ ಬರೋದು ಬೇಡ. ಮನೇಲಿರ್ಲಿ. ಮಗೂಗೆ ಏನಾದ್ರೂ ಆಗಿದ್ರೆ?" ಅಂದ. ತಪ್ಪು ಅನ್ನೋಕಾಗಲ್ಲ ಅವನನ್ನ. ದೊಡ್ಡಮ್ಮ ಕಾಳು ಸುರಿಯುವ ತೊಟ್ಟಿಯ ಅಂಚು ಹಿಡಿದು ನಿಂತಿದ್ದಳು.

ನನಗೆ ಮಾತ್ರ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮರೆವು ಬಂದವಳು ಕಲ್ಲು ಚೊಕ್ಕ ಮಾಡೋದು ಮರೀಬಹುದು. ಖಾರ ಮರೆಯೋಕಾಗುತ್ತಾ? ಒಳಗೆ ಕರೆದುಕೊಂಡು ಹೋಗಿ, "ದೊಡ್ಡಮ್ಮ, ಬಾಯಿ ತೆಗಿ" ಅಂದೆ. ಬೇಡ ಅಂದಳು. ಸೆರಗು ಎಳೆದೆ. ಕೈ ಹಿಡಿದುಕೊಂಡಳು. "ಬಿಡೇ, ಬ್ಯಾಡ ಕಣೇ" ಅಂತ ಗೋಗರೆದಳು. ನಾನು ಬಿಡಲಿಲ್ಲ. ಬಾಯಿ ತೆರೆದಾಗ, ಹನ್ನೊಂದು ವರ್ಷ ಇದೇ ಕೆಲಸ ಮಾಡಿದವಳು ನಾನು, ಒಂದು ಹೆಜ್ಜೆ ಹಿಂದೆ ಸರಿದೆ. ವಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಒತ್ತಿದರೆ ಕೀವು. ಹಿಂದಿನ ಹಲ್ಲು ಎಡಗಡೆ ಎರಡು ಮಾತ್ರ, ಅವೂ ಅಲ್ಲಾಡುತ್ತಿದ್ದವು. ಕೆನ್ನೆಯ ಸಂದಿಯಲ್ಲಿ ಕಡ್ಡಿಪುಡಿಯ ಉಂಡೆ. ನೋವು ತಡೆಯೋಕೆ ಹೊತ್ತು ಹೊತ್ತಿಗೂ ಹೊಗೆಸೊಪ್ಪಿನ ಆ ಪುಡಿ ಒತ್ತಿ ಒತ್ತಿ ನಾಲಿಗೆಯನ್ನೇ ಸಾಯಿಸಿಕೊಂಡಿದ್ದಳು.

ಅಣ್ಣನಿಗೆ ಕೈ ಮುಗಿದೆ. "ಒಂದು ನಾಲ್ಕು ತಿಂಗಳು ಟೈಮು ಕೊಡಣ್ಣ. ಬಾಯಿ ಸರಿ ಮಾಡಿಸೋಣ. ಆಮೇಲೂ ಹಿಂಗೇ ಇದ್ರೆ ನೀನು ಹೇಳ್ದಂಗೆ ಆಗ್ಲಿ." ಅಣ್ಣ ಒಪ್ಪಿದ. ಆದರೆ ಅಲ್ಲಿಯವರೆಗೂ ಅವಳು ಗಿರಣಿಗೆ ಕಾಲಿಡುವಂತಿಲ್ಲ ಅಂದ. ಗೋಡೆಯ ಆಚೆ ಕಲ್ಲು ತಿರುಗುವ ಸದ್ದು ಕೇಳುತ್ತಾ ದೊಡ್ಡಮ್ಮ ಹಿತ್ತಲ ಬಾಗಿಲಲ್ಲಿ ಕೂತಿರುತ್ತಿದ್ದಳು. ನೋಡೋಕೆ ಆಗುತ್ತಿರಲಿಲ್ಲ.

ನಮ್ಮ ಕ್ಲಿನಿಕ್ಕಿನ ಡಾಕ್ಟರಮ್ಮ ಗದಗದ ಕಡೆಯವರು, ರೊಟ್ಟಿ ತಿಂದು ಬೆಳೆದವರು. ಬಾಯಿ ನೋಡಿದ ಮೇಲೆ ಅಣ್ಣನನ್ನು ಕೇಳಿದರು, "ಊಟಾ ಹೆಂಗ ಮಾಡ್ತಾರ್ರಿ?"

"ಊಟಕ್ಕೇನೂ ತೊಂದ್ರೆ ಇಲ್ಲ ಮೇಡಂ. ಎರಡು ಹೊತ್ತೂ ಮುದ್ದೆ. ಇವತ್ತಿಗೂ ಒಂದು ಮುದ್ದೆ ಪೂರ್ತಿ ತಿಂತಾಳೆ."

"ಮುದ್ದಿ ಯಾವ ಕಡೆ ಅಗೀತಾರ್ರಿ, ಎಡಕ್ಕೋ ಬಲಕ್ಕೋ?"

ನಾನು, ಅಣ್ಣ ಇಬ್ಬರೂ ನಕ್ಕುಬಿಟ್ಟೆವು. "ಮುದ್ದೆ ಯಾರಾದ್ರೂ ಅಗೀತಾರಾ ಮೇಡಂ! ಹಲ್ಲಿಗೆ ತಾಗಿಸ್ಬೇಡ ಅಂತ ಚಿಕ್ಕಂದಿನಲ್ಲೇ ಹೇಳಿಕೊಡ್ತಾರೆ ನಮ್ ಕಡೆ. ಮುರೀಬೇಕು, ಸಾರಲ್ಲಿ ಅದ್ದಬೇಕು, ಗುಳುಂ ಅನ್ನಿಸ್ಬೇಕು."

ಅವರು ನಗಲಿಲ್ಲ. "ಹಂಗಾರ ಈ ಅಮ್ಮಾರು ಕಡೀಕ ಏನರ ಅಗದು ತಿಂದಿದ್ದು ಯಾವಾಗ್ರಿ?"

ನಮ್ಮ ನಗು ಅಲ್ಲೇ ನಿಂತಿತು. ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ. ತಟ್ಟೆ ಖಾಲಿಯಾಗುತ್ತಿತ್ತು, ಅಷ್ಟನ್ನೇ ನೋಡಿದ್ದೆವು. ಕುರ್ಚಿಯಲ್ಲಿ ಮಲಗಿದ್ದ ದೊಡ್ಡಮ್ಮನೇ ಉತ್ತರ ಕೊಟ್ಟಳು. "ಮೂರು ವರ್ಷ ಆಗಿರ್ಬೇಕು ಕಣವ್ವ. ಸಾರಿನ ಕಾಳೆಲ್ಲ ಕಲಗಚ್ಚಿಗೆ ಹಾಕ್ತಿದ್ದೆ. ಎಮ್ಮೆ ತಿಂತಿತ್ತು." ಅಣ್ಣ ಕಣ್ಣೊರೆಸಿಕೊಂಡು ಆಚೆ ಹೋದ. ನಾನು ಬೇರೆಯವರ ಮನೆಯ ಮುದುಕಿಯರನ್ನು ದಿನಕ್ಕೆ ಹತ್ತು ಸಲ ಈ ಪ್ರಶ್ನೆ ಕೇಳುತ್ತಿದ್ದವಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಡಾಕ್ಟರಮ್ಮ ನಮಗೆ ಸುಳ್ಳು ಆಸೆ ಹುಟ್ಟಿಸಲಿಲ್ಲ. "ವಸಡಿನ್ಯಾಗಿನ ಸೋಂಕು ಬಾಯಾಗಷ್ಟ ಕುಂದ್ರೂದಿಲ್ರಿ, ರಕ್ತದಾಗ ಸೇರಿ ಮೈಗೆಲ್ಲಾ ತ್ರಾಸ ಕೊಡತೈತಿ. ಅಗಿಯೂ ಮುಂದ ಮೆದುಳಿಗೂ ಕೆಲಸ ಇರತೈತಿ. ಎರಡಕ್ಕೂ ನಂಟು ಐತಿ ಅಂತ ಓದಾಕತ್ತೀವಿ, ಇನ್ನೂ ಗಟ್ಟಿ ಹೇಳಾಕ ಬರೂದಿಲ್ಲ. ಹಲ್ಲು ಸರಿ ಆತಂದ್ರ ಮರವು ಹೋಗತೈತಿ ಅಂತ ನಾ ಮಾತು ಕೊಡಂಗಿಲ್ಲ. ಆದ್ರ ನೋವಂತೂ ಹೋಗತೈತಿ. ನೋವು ತಿನ್ನೂ ಮನಿಷಾಗ ಬ್ಯಾರೆ ಯಾವುದರ ಮ್ಯಾಲ ಲಕ್ಷ ಇರತೈತ್ರಿ?" ಕಡೂರಿನ ದೊಡ್ಡ ಡಾಕ್ಟರಿಗೂ ಒಂದು ಸಲ ತೋರಿಸಿ ಅಂದರು. ಅಲ್ಲಿ ರಕ್ತ ತೆಗೆದು ನೋಡಿ, ಸಕ್ಕರೆ ಕಾಯಿಲೆ ಶುರುವಾಗಿದೆ ಅಂತ ಮಾತ್ರೆ ಬರೆದುಕೊಟ್ಟರು. ವಸಡು ಕೆಡೋಕೆ ಅದೂ ಒಂದು ಕಾರಣವಂತೆ.

ವಾರಕ್ಕೊಂದು ಸಲ ತರೀಕೆರೆಗೆ ನನ್ನ ಜೊತೆ ಬಸ್ಸಿನಲ್ಲಿ. ಮರಗಟ್ಟಿಸುವ ಇಂಜೆಕ್ಷನ್ನು ಕೊಟ್ಟು, ವಸಡಿನ ಒಳಗೆ ಗಾರೆಯಂತೆ ಗಟ್ಟಿಯಾಗಿ ಕೂತಿದ್ದ ಕೊಳೆಯನ್ನು ಒಂದೊಂದು ಭಾಗ ಮಾಡಿ ಕೆರೆದು ತೆಗೆದರು. ಉಳಿಯಲಾರದ ಹಲ್ಲು ಕಿತ್ತರು. ಕಡ್ಡಿಪುಡಿ ಪೊಟ್ಟಣವನ್ನು ನಾನು ಅಡುಗೆಮನೆ ಡಬ್ಬಗಳ ಹಿಂದಿನಿಂದ, ದಿಂಬಿನ ಕೆಳಗಿನಿಂದ, ಕೊನೆಗೆ ದೇವರ ಮನೆಯ ಗೂಡಿನಿಂದಲೂ ಹುಡುಕಿ ತೆಗೆದು ಮೋರಿಗೆ ಹಾಕಿದೆ. "ಕಳ್ಳಿ" ಅಂದೆ. "ನೀನು ಪೊಲೀಸು" ಅಂದಳು. ಎರಡು ತಿಂಗಳಿಗೆ ವಸಡು ಊತ ಇಳಿದು ತಿಳಿಗೆಂಪಾಯಿತು. ರಾತ್ರಿ ನಿದ್ದೆ ಹತ್ತುತ್ತಿದೆ, ಹಗಲು ತೂಕಡಿಸುತ್ತಿಲ್ಲ ಅಂತ ಅಣ್ಣ ಹೇಳಿದ.

ಆಮೇಲೆ ಹಲ್ಲಿನ ಸೆಟ್ಟು ಬಂತು. ಅದನ್ನು ಕೂರಿಸಿದ ದಿನ ನನಗೆ ಮರೆಯೋಕಾಗಲ್ಲ. ಹಲ್ಲು ಎಲ್ಲಿ ತಾಗುತ್ತದೆ ಅಂತ ಡಾಕ್ಟರಮ್ಮ ಬಣ್ಣದ ಕಾಗದ ಇಟ್ಟು ಕಚ್ಚಿಸಿ ನೋಡುವ ಮೊದಲೇ ದೊಡ್ಡಮ್ಮ ಕೈ ಎತ್ತಿದಳು. ದವಡೆಯನ್ನು ಆಕಡೆ ಈಕಡೆ ಆಡಿಸಿದಳು. ಕಣ್ಣು ಮುಚ್ಚಿದಳು. "ನೋಡವ್ವ, ಬಲಗಡೆ ಮೊದ್ಲು ತಾಗ್ತೈತೆ. ಎಡಗಡೆ ಒಂದು ರಾಗಿಕಾಳು ಹಿಡಿಯೋಷ್ಟು ಸಂದು. ಮೇಲಿನ ಕಲ್ಲು ಓರೆ ಕೂತ್ರೆ ಹಿಂಗೇ ಆಗದು, ಒಂದು ಕಡೆ ಹಿಟ್ಟು, ಇನ್ನೊಂದು ಕಡೆ ನುಚ್ಚು. ಬಲಗಡೆ ಹಿಂದೆ ಒಂಚೂರು ಉಜ್ಜಿ. ಜಾಸ್ತಿ ಉಜ್ಬೇಡಿ ಮತ್ತೆ!" ಕಾಗದ ಕಚ್ಚಿಸಿ ನೋಡಿದರೆ ಬಣ್ಣದ ಗುರುತು ಬಲಗಡೆಯ ಹಿಂದಿನ ಹಲ್ಲಿನ ಮೇಲೇ ದಟ್ಟವಾಗಿ ಬಿದ್ದಿತ್ತು. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಇವರಿಗೆ ಅರಳುಮರಳು ಅಂದವ್ರು ಯಾರ್ರೀ?" ಅಂದರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಎಷ್ಟು ದಿನವಾಗಿತ್ತು ಅವಳು ಯಾರಿಗಾದರೂ ಹಿಂಗೆ ಹುಕುಂ ಮಾಡಿ!

ವಸಡು ಗಟ್ಟಿಯಾದ ಮೇಲೆ ಡಾಕ್ಟರಮ್ಮ ತಮ್ಮ ಬುತ್ತಿಯಿಂದ ಒಂದು ಜೋಳದ ರೊಟ್ಟಿ ತೆಗೆದುಕೊಟ್ಟು, "ಎರಡೂ ಕಡೆ ಅಗೀರಿ, ನುಂಗಬ್ಯಾಡ್ರಿ" ಅಂದರು. ದೊಡ್ಡಮ್ಮ ಅರ್ಧ ಗಂಟೆ ಅಗಿದಳು. "ಇದನ್ನ ತಿಂದು ಮುಗ್ಸೋ ಹೊತ್ಗೆ ನಮ್ಮೂರ ಕೊನೇ ಬಸ್ಸು ಹೋಗುತ್ತೆ ಕಣವ್ವ" ಅಂತ ಗೊಣಗಿದಳು. ಸಖರಾಯಪಟ್ಟಣದ ನೆಂಟರು ಕಳಿಸಿದ ಕೊಬ್ಬರಿಯನ್ನು ಮನೆಯಲ್ಲಿ ಚೂರು ಮಾಡಿಟ್ಟುಕೊಂಡು ಹೊತ್ತು ಹೊತ್ತಿಗೂ ಅಗಿಯುವುದು ಶುರುವಾಯಿತು. ಬೈಗುಳವೂ ಶುರುವಾಯಿತು. ಹಿತ್ತಲ ಬಾಗಿಲಲ್ಲಿ ಕೂತು, "ಲೇ, ಬೆಲ್ಟು ಜಾರ್ತಾ ಐತೆ, ಕಿವಿ ಕೇಳಲ್ವೇನೋ" ಅಂತ ಗೋಡೆಯಾಚೆಯ ಮಗನಿಗೆ ಕೂಗಿದ ದಿನ, ಅಣ್ಣ ಮೋಟಾರು ನಿಲ್ಲಿಸಿ ಬಂದು, "ಬಾರಮ್ಮ, ಬಂದು ನಿನ್ನ ಕಲ್ಲು ನೀನೇ ನೋಡ್ಕೋ" ಅಂದ.

ಎಲ್ಲವೂ ಮೊದಲಿನಂತೆ ಆಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನಲವತ್ತು ಡಬ್ಬದಲ್ಲಿ ಮೂವತ್ತರ ಗುರುತು ಹಿಡಿಯುತ್ತಿದ್ದಳು. ಉಳಿದವಕ್ಕೆ ಚೀಟಿ ಇರಲಿ ಅಂತ ಅವಳೇ ಹೇಳಿದಳು. ಆದರೆ ಮಾತಿಗೆ ಮಾತು ಬಂತು, ಕಣ್ಣಿಗೆ ಕಳೆ ಬಂತು. ಹಲ್ಲಿನಿಂದ ಎಷ್ಟು, ಮಾತ್ರೆಯಿಂದ ಎಷ್ಟು, ನಿದ್ದೆಯಿಂದ ಎಷ್ಟು ಅಂತ ಬಿಡಿಸಿ ಹೇಳೋಕೆ ನಾನು ಡಾಕ್ಟರಲ್ಲ.

ದೊಡ್ಡಮ್ಮ ಕಲ್ಲಿನ ಮುಂದೆ ಮರಳಿ ಕೂತು ಹದಿನೈದು ದಿನವಾದ ಮೇಲೆ, ಮತ್ತೆ ತವರಿಗೆ ಬಂದಿದ್ದ ಆ ಕೂಸಿನ ತಾಯಿ ಗಿರಣಿಗೆ ಬಂದಳು. ಕೈಯಲ್ಲಿ ಮೊಳಕೆ ರಾಗಿಯ ಡಬ್ಬ. ಅವಳು ಬೇರೆ ಗಿರಣಿಗೆ ಹೋಗಬಹುದಾಗಿತ್ತು, ಹೋಗದೆ ಇಲ್ಲಿಗೇ ಬಂದಳು. "ದೊಡ್ಡಮ್ಮ, ಮಗೂಗೆ ಸರಿ ಹಿಟ್ಟು ಬೇಕು. ನೀವೇ ಬೀಸಿ ಕೊಡಿ" ಅಂದಳು. ಇದನ್ನು ಬೀಸಿಕೊಟ್ಟರೆ ಹೋದ ಮಾನ ಬಂದಂತೆ ಅಂತ ನಾನು ಅಂದುಕೊಂಡೆ. ದೊಡ್ಡಮ್ಮ ಡಬ್ಬ ಇಸಕೊಂಡಳು, ಮುಚ್ಚಳ ತೆಗೆದು ರಾಗಿಯನ್ನು ಕೈಯಲ್ಲಿ ಆಡಿಸಿದಳು. ಆಮೇಲೆ ಮಗನ ಕೈಗೆ ಕೊಟ್ಟಳು.

"ಚಿಕ್ಕ ಮಕ್ಕಳ ಹಿಟ್ಟು ಇನ್ಮೇಲೆ ಇವನೇ ಬೀಸ್ಲಿ ಕಣವ್ವ. ನಾನು ಇವತ್ತು ಚೆನ್ನಾಗಿದೀನಿ. ನಾಳೆ ಹೆಂಗಿರ್ತೀನೋ ನಂಗೇ ಗೊತ್ತಿಲ್ಲ. ನಿನ್ ಮಗೂನ ಅಳಿಸ್ಬಿಟ್ಟೆ. ತಪ್ಪಾಯ್ತು ತಾಯಿ."

ಕಲ್ಲು ನಂದು ಅಂತ ಮಗನನ್ನು ಹತ್ತಿರ ಸೇರಿಸದವಳು, ಯಾರೂ ಕೇಳದೆ ತಾನೇ ಜಾಗ ಬಿಟ್ಟು ಸರಿದು ನಿಂತಳು. ಅಣ್ಣ ಡಬ್ಬ ಹಿಡಿದು ಕಲ್ಲಿನ ಮುಂದೆ ಬಂದ. ಇಷ್ಟು ಗಟ್ಟಿ ಬುದ್ಧಿಯನ್ನು ನಾನು ಓದಿದವರಲ್ಲೂ ಕಂಡಿಲ್ಲ.

ಅದಾದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅವಳು ಗಿರಣಿಯಲ್ಲಿ ಕೂತಳು. ಕೊನೆಕೊನೆಗೆ ಮರೆವು ಮತ್ತೆ ನಿಧಾನಕ್ಕೆ ಬಂತು, ಹಲ್ಲು ಗಟ್ಟಿಯಾಗಿದ್ದರೂ ಬಂತು. ಡಾಕ್ಟರಮ್ಮ ಮಾತು ಕೊಟ್ಟಿರಲಿಲ್ಲವಲ್ಲ. ಹೋದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಅವಳನ್ನು ನೆನೆದಾಗಲೆಲ್ಲ ನನಗೆ ಮೊದಲು ಬರುವುದು ಅವಳು ಚೆನ್ನಾಗಿದ್ದ ದಿನಗಳ ಒಂದು ಭಾನುವಾರ. ಕರೆಂಟು ಹೋಗಿತ್ತು. ಇಬ್ಬರೂ ಗಿರಣಿಯ ಮುಂದಿನ ಬೆಂಚಿನ ಮೇಲೆ ಕೂತಿದ್ದೆವು. ಮನಸ್ಸಿನಲ್ಲಿದ್ದುದನ್ನು ಅವತ್ತು ಹೇಳಿಬಿಟ್ಟೆ.

"ದೊಡ್ಡಮ್ಮ, ದಿನಾ ಊರೋರ ಬಾಯೆಲ್ಲ ನೋಡ್ತಿದ್ದೆ. ಪಕ್ಕದಲ್ಲೇ ಇದ್ದು ನಿನ್ನ ಬಾಯಿ ನೋಡ್ಲಿಲ್ಲ. ಮೂರು ವರ್ಷ ನೀನು ಸುಮ್ನೆ ನೋವು ತಿಂದೆ. ನನ್ನಿಂದ ತಪ್ಪಾಯ್ತು."

"ನೀನು ಕೇಳಿದ್ರೂ ತೋರಿಸ್ತಿರ್ಲಿಲ್ಲ ಕಣೇ" ಅಂದಳು.

"ಯಾಕೆ? ನನ್ ಹತ್ರ ನಾಚಿಕೆನಾ?"

"ನಾಚಿಕೆ ಯಾಕೆ? ಬೆಳಿಗ್ಗೆಯಿಂದ ಸಾಯಂಕಾಲದ ಗಂಟ ಕಂಡೋರ ಬಾಯಿ ಮುಂದೆ ನಿಂತು ಸಾಕಾಗಿ ಬರ್ತೀಯ. ಆ ಕೆಲ್ಸಕ್ಕೆ ನಿನ್ನ ಕಳ್ಸಿದ್ದೇ ನಾನು. ಮನೆಗೆ ಬಂದ ಮೇಲೂ ಇನ್ನೊಂದು ಕೊಳೆತ ಬಾಯಿ ಯಾಕೆ ಮಗೂಗೆ, ಒಂದು ಗಳಿಗೆ ಒಳ್ಳೆ ಗಾಳಿ ಕುಡೀಲಿ ಅಂತ ಅಂದ್ಕೊಂಡೆ. ಅದಕ್ಕೇ ನೀನು ಬಂದು ಕೂತ್ರೆ ನಾನು ಆ ತುದಿಗೆ ಹೋಗ್ತಿದ್ದೆ."

ಹೌದು, ಹೋಗುತ್ತಿದ್ದಳು. ನಾನು ಬಂದು ಕೂತ ಕೂಡಲೇ ಏನೋ ನೆಪ ಹೇಳಿ ಎದ್ದು ಬೆಂಚಿನ ಆ ತುದಿಗೆ ಹೋಗಿ ಕೂರುತ್ತಿದ್ದಳು, ಮುಖ ಆಕಡೆ ತಿರುಗಿಸಿಕೊಂಡು. ನಾನು ಅದನ್ನು ವಯಸ್ಸು ಅಂದುಕೊಂಡಿದ್ದೆ. ಜರುಗಿ ಅವಳ ಮೈಗೆ ಮೈ ತಾಗುವಂತೆ ಕೂತೆ. ಅವಳು ಎದ್ದು ಹೋಗಲಿಲ್ಲ.